ಫಿಸಿಕ್ಸ್ ಮೇಷ್ಟ್ರಿಗೆ ಪ್ಲಸ್, ಕೆಮಿಸ್ಟ್ರಿ ಮೇಷ್ಟ್ರಿಗೆ ಮೈನಸ್!

ಥರ್ಮೋಡೈನಮಿಕ್ಸಿನ ಮೊದಲ ನಿಯಮ ಹೇಳೋದು ಇಷ್ಟೇ: ಶಕ್ತಿ ಎಲ್ಲೂ ಮಾಯವಾಗಲ್ಲ, ಲೆಕ್ಕ ತಾಳೆಯಾಗಲೇಬೇಕು. ಇಷ್ಟು ಸರಳವಾದ ಲೆಕ್ಕವನ್ನು ನಮ್ಮ ಪಠ್ಯಪುಸ್ತಕಗಳು ಎಷ್ಟು ಕಗ್ಗಂಟು ಮಾಡಿವೆ ನೋಡಿ.

ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿ ಪುಸ್ತಕಗಳನ್ನೇ ತಗೊಳ್ಳಿ. ಫಿಸಿಕ್ಸ್ ಪುಸ್ತಕದಲ್ಲಿ ಅನಿಲ ಮಾಡಿದ ಕೆಲಸ ಪ್ಲಸ್. ಕೆಮಿಸ್ಟ್ರಿ ಪುಸ್ತಕದಲ್ಲಿ ಅದೇ ಕೆಲಸ ಮೈನಸ್. ಅನಿಲದ ಮೇಲೆ ಹೊರಗಿನಿಂದ ಮಾಡಿದ ಕೆಲಸ ಪ್ಲಸ್. ಓದೋ ಹುಡುಗ ಒಬ್ಬನೇ, ವರ್ಷವೂ ಒಂದೇ, ಪುಸ್ತಕ ಮಾಡಿದ ಸಂಸ್ಥೆಯೂ ಒಂದೇ!

ಸಿಲಿಂಡರಿನಲ್ಲಿರೋ ಅನಿಲಕ್ಕೆ 100 ಜೌಲ್ ಉಷ್ಣ ಕೊಟ್ಟಿರಿ ಅಂತಿಟ್ಟುಕೊಳ್ಳಿ. ಅದು ಹಿಗ್ಗಿ, ಪಿಸ್ಟನ್ ತಳ್ಳಿ, 40 ಜೌಲ್ ಕೆಲಸ ಮಾಡ್ತು. ಒಳಗಿನ ಶಕ್ತಿ ಹೆಚ್ಚಾಗಿದ್ದು 60. ಫಿಸಿಕ್ಸಿನವರು ಬರೆಯೋದು 100 = 60 + 40. ಕೆಮಿಸ್ಟ್ರಿಯವರು ಬರೆಯೋದು 60 = 100 + (-40). ಎರಡೂ ಸರಿಯೇ. ಆದರೆ ಕೆಮಿಸ್ಟ್ರಿಯ ಸೂತ್ರಕ್ಕೆ ಫಿಸಿಕ್ಸಿನ ಚಿಹ್ನೆ ಹಾಕಿದ್ರೆ ಉತ್ತರ 140! ಸಿಇಟಿಯಲ್ಲಿ ಆಪ್ಷನ್ನಾಗಿ 140 ಕೊಟ್ಟಿದ್ರೆ ಮುಗೀತು ಕಥೆ.

ಈ ಗೊಂದಲದ ಬೇರು 19ನೇ ಶತಮಾನದ ಉಗಿಯಂತ್ರದಲ್ಲಿದೆ. 1850ರಲ್ಲಿ ಕ್ಲಾಸಿಯಸ್ ಈ ನಿಯಮ ಬರೆದಾಗ ಎಲ್ಲರ ಕಣ್ಣೂ ಇದ್ದದ್ದು ಇಂಜಿನ್ ಮೇಲೆ. ಉಷ್ಣ ಒಳಗೆ, ಕೆಲಸ ಹೊರಗೆ, ಎರಡೂ ಪ್ಲಸ್. "ನಮಗೆ ಬೇಕಾಗಿದ್ದು ಕೆಲಸ ತಾನೇ, ಅದು ಪ್ಲಸ್ ಇರಲಿ ಬಿಡಿ" ಅನ್ನೋ ಮೆಕ್ಯಾನಿಕಲ್ ಗೆಳೆಯರಿಗೆ ನನ್ನದೊಂದು ಪ್ರಶ್ನೆ: ಫ್ರಿಜ್ಜಿಗೆ ಏನು ಮಾಡ್ತೀರಿ ಸ್ವಾಮಿ? ಅಲ್ಲಿ ಕಂಪ್ರೆಸರಿನ ಕೆಲಸ ಒಳಗೇ ಹೋಗುತ್ತಲ್ಲ!

ಬ್ಯಾಂಕಿನ ಪಾಸ್‌ಬುಕ್ ನೋಡಿ. ಸಂಬಳವೋ ಬಡ್ಡಿಯೋ, ಒಳಗೆ ಬಂದಿದ್ದೆಲ್ಲಾ ಜಮಾ. ಉಷ್ಣಕ್ಕೊಂದು ನ್ಯಾಯ, ಕೆಲಸಕ್ಕೊಂದು ನ್ಯಾಯ ಯಾಕೆ? ಒಳಗೆ ಬಂದಿದ್ದು ಪ್ಲಸ್, ಹೊರಗೆ ಹೋದದ್ದು ಮೈನಸ್ ಅಂದ್ರೆ ಮುಗೀತು. ಐಯುಪಿಎಸಿ ಶಿಫಾರಸು ಕೂಡ ಇದೇ. ತಮಾಷೆ ಏನಂದ್ರೆ, ಫಿಸಿಕ್ಸ್ ಪುಸ್ತಕಗಳು ಇನ್ನೂ ಹಳೇ ಪದ್ಧತಿಯಲ್ಲೇ ಇವೆ ಅಂತ ಆ ಕೆಮಿಸ್ಟ್ರಿ ಪುಸ್ತಕವೇ ಹೇಳುತ್ತೆ. ಗೊತ್ತಿದ್ದೂ ಸರಿಮಾಡಲ್ಲ!

ನಮ್ಮ ಸಾಫ್ಟ್‌ವೇರ್ ಫೀಲ್ಡಿನಲ್ಲಿ ಒಂದೇ ಪ್ರಾಜೆಕ್ಟಿನ ಎರಡು ಮಾಡ್ಯೂಲುಗಳು ಹೀಗೆ ಉಲ್ಟಾಪಲ್ಟಾ ಮಾತಾಡಿದ್ರೆ ಅದಕ್ಕೆ ಬಗ್ ಅಂತೀವಿ. ಸಂಪ್ರದಾಯ ಅಂತ ಆರತಿ ಎತ್ತಲ್ಲ.

ಪುಸ್ತಕ ಬದಲಾಗೋವರೆಗೆ ಪಿಯುಸಿ ತಮ್ಮ-ತಂಗಿಯರಿಗೆ ಒಂದೇ ಮಾತು: ಸೂತ್ರ ಉರು ಹೊಡೀಬೇಡಿ. ಶಕ್ತಿ ಒಳಗೆ ಬಂತಾ, ಹೊರಗೆ ಹೋಯ್ತಾ, ಅಷ್ಟು ಕೇಳ್ಕೊಳ್ಳಿ. ಚಿಹ್ನೆ ತಾನಾಗೇ ಬರುತ್ತೆ.

ಪಾಠ ಮಾಡೋ ಮೇಷ್ಟ್ರುಗಳು ಏನಂತೀರಿ?