ಇಟ್ಟಿಗೆಯಲ್ಲಿ ಆಡಿದ ಮಾತು

ಪುಣೆಯ ಕ್ಯಾಂಪ್ ಭಾಗದ ಮೋಲೆದಿನಾ ರಸ್ತೆಯಲ್ಲಿ ಕೆಂಪಿಟ್ಟಿಗೆಯ ಒಂದು ಗೋಪುರವಿದೆ. ಸುಮಾರು 90 ಅಡಿ ಎತ್ತರ, ಮೇಲೆ ಗಡಿಯಾರ, ಚೂಪು ಕಮಾನಿನ ಕಿಟಕಿಗಳು. ಮೊದಲ ಸಲ ನೋಡಿದವರು ಇಗರ್ಜಿ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ಅದು ಯಹೂದ್ಯರ ಪ್ರಾರ್ಥನಾ ಮಂದಿರ, ಓಹೆಲ್ ಡೇವಿಡ್. ಊರವರ ಬಾಯಲ್ಲಿ ಲಾಲ್ ದೇವಳ.

ಕಟ್ಟಿಸಿದ್ದು ಡೇವಿಡ್ ಸಸೂನ್. ಬಾಗ್ದಾದ್ ಬಿಟ್ಟು 1832ರ ಹೊತ್ತಿಗೆ ಮುಂಬಯಿಗೆ ಬಂದು, ಹತ್ತಿ ಮತ್ತು ಅಫೀಮಿನ ವ್ಯಾಪಾರದಲ್ಲಿ ಅಪಾರ ಹಣ ಮಾಡಿದ ಸಾಹುಕಾರ. 1853ರಲ್ಲಿ ಬ್ರಿಟಿಷ್ ಪ್ರಜೆಯಾದಾಗ ಆತ ರುಜು ಹಾಕಿದ್ದು ಹೀಬ್ರೂ ಅಕ್ಷರಗಳಲ್ಲಿ. ಇಂಗ್ಲಿಷ್ ಆತನಿಗೆ ಬರುತ್ತಿರಲಿಲ್ಲ. ಅಂಥವನು ಹತ್ತು ವರ್ಷದ ನಂತರ ತನ್ನ ದೇವರಿಗೆ ಮನೆ ಕಟ್ಟಿಸುವಾಗ ಕರೆದದ್ದು ಬ್ರಿಟಿಷ್ ಸೇನೆಯ ಎಂಜಿನಿಯರ್ ಹೆನ್ರಿ ಸೇಂಟ್ ಕ್ಲೇರ್ ವಿಲ್ಕಿನ್ಸ್‌ನನ್ನು, ಒಪ್ಪಿದ್ದು ಇಂಗ್ಲಿಷರ ಗಾಥಿಕ್ ಶೈಲಿಯನ್ನು. ನಾಲಗೆಗೆ ಒಗ್ಗದ ಭಾಷೆಯನ್ನು ಸಸೂನ್ ಇಟ್ಟಿಗೆಯಲ್ಲಿ ಆಡಿದ. ಕೇಳಿಸಬೇಕಾದವರು ಆಗ ಪಕ್ಕದ ದಂಡಿನಲ್ಲೇ ಇದ್ದರು.

ಈ ಸಂಚಿಕೆಯನ್ನು ಕಟ್ಟಡಗಳಿಗೆ ಮೀಸಲಿಟ್ಟಾಗ ನನ್ನ ತಲೆಯಲ್ಲಿದ್ದದ್ದು ಇದೇ ವಿಚಾರ. ಶ್ರೀಮಂತನ ಕಟ್ಟಡ ದೊಡ್ಡದಾಗಿರುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಅದು ಯಾರ ಭಾಷೆಯಲ್ಲಿ, ಯಾರ ಮರ್ಯಾದೆ ಬೇಡುತ್ತಿದೆ ಎಂಬುದನ್ನು ನೋಡಬೇಕು. ಪುಣೆಗೆ ಈ ವ್ಯಾಜ್ಯ ಹಳೆಯದು. ಪೇಶ್ವೆಗಳು ಶನಿವಾರವಾಡೆಯನ್ನು ಪೂರ್ತಿ ಕಲ್ಲಿನಲ್ಲಿ ಎಬ್ಬಿಸಲು ಹೊರಟಾಗ, ಕಲ್ಲಿನ ಅರಮನೆ ಛತ್ರಪತಿಗೆ ಮಾತ್ರ ಸಲ್ಲುವುದೆಂದು ಸಾತಾರೆಯಿಂದ ತಕರಾರು ಬಂತೆಂದೂ, ಹಾಗಾಗಿ ಮೇಲಿನದೆಲ್ಲ ಇಟ್ಟಿಗೆಯಾಯಿತೆಂದೂ ಅಲ್ಲಿಯವರು ಹೇಳುತ್ತಾರೆ. 1828ರ ಬೆಂಕಿಯಲ್ಲಿ ಮೇಲಿನ ಅಂತಸ್ತುಗಳು ಸುಟ್ಟುಹೋದವು, ತಳದ ಕಲ್ಲು ಉಳಿಯಿತು.

ನಮ್ಮವರ ಗುರುತು ಹುಡುಕಿದರೆ ಮಾಡೆಲ್ ಕಾಲನಿಗೆ ಹೋಗಬೇಕು. ಅಲ್ಲಿ ಕಿರ್ಲೋಸ್ಕರ್ ಮನೆತನದ ಬಂಗಲೆಯಿದೆ, ಹೆಸರು 'ಲಕಾಕಿ'. ರಸ್ತೆಗೂ ಅದೇ ಹೆಸರು. ಜಪಾನಿ ಪದವೇನೋ ಎಂಬಂತೆ ಕೇಳಿಸುವ ಆ ಮೂರಕ್ಷರ ಬಿಡಿಸಿದರೆ ಲಕ್ಷ್ಮಣ ಕಾಶೀನಾಥ ಕಿರ್ಲೋಸ್ಕರ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದವರು. ಕೋಟಿಗಳ ಉದ್ಯಮ ನಡೆಸಿದ ಮನೆತನ ಬಾಗಿಲ ಮೇಲೆ ಬರೆಸಿಕೊಂಡದ್ದು ತಂದೆಯ ಹೆಸರಿನ ಮೊದಲಕ್ಷರಗಳನ್ನು. ಈ ಮಿತವಾದ ಮಾತು ನನಗೆ ಬಹಳ ಹಿಡಿಸುತ್ತದೆ.

ಅದೇ ಮಾಡೆಲ್ ಕಾಲನಿಯ ವಿಳಾಸದಲ್ಲಿ 1981ರ ಜುಲೈ 2ರಂದು, ಹತ್ತು ಸಾವಿರ ರೂಪಾಯಿಯ ಬಂಡವಾಳದೊಂದಿಗೆ ಇನ್ಫೋಸಿಸ್ ನೋಂದಣಿಯಾಯಿತು. 1983ರಲ್ಲಿ ಬೆಂಗಳೂರಿಗೆ ಹೋದ ಕಂಪನಿ ಮುಂದೆ ಪುಣೆಯ ಹಿಂಜವಡಿಗೆ ಮರಳಿದಾಗ, ವಾಸ್ತುಶಿಲ್ಪಿ ಹಫೀಜ್ ಕಾಂಟ್ರಾಕ್ಟರ್ ಅದಕ್ಕೆ ಮೊಟ್ಟೆಯಾಕಾರದ ಗಾಜಿನ ಕಟ್ಟಡಗಳನ್ನು ರಚಿಸಿದರು. ಮೈಸೂರಿನ ಕ್ಯಾಂಪಸ್ಸಿನಲ್ಲಂತೂ ರೋಮಿನ ಕಂಬಸಾಲೇ ಎದ್ದು ನಿಂತಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಸಸೂನ್ ನೆನಪಾಗುತ್ತಾನೆ. ಸೋಮನಾಥಪುರ ಅಷ್ಟು ಹತ್ತಿರ ಇರುವಾಗ ರೋಮಿನಿಂದ ಕಂಬ ತರುವ ಕಾರಣ, ಮೆಚ್ಚಬೇಕಾದ ಗಿರಾಕಿ ಕಡಲಾಚೆ ಇದ್ದಾನೆ ಎಂಬುದೊಂದೇ.

ಹಡಪಸರದ 'ಸುಜ್ಲಾನ್ ಒನ್ ಅರ್ತ್' ಎರಡು ಭಾಷೆ ಆಡುತ್ತದೆ. ಗಾಳಿಯಂತ್ರದ ಉದ್ಯಮಿ ತುಳಸಿ ತಾಂತಿ ಅವರಿಗಾಗಿ, ಪುಣೆಯನ್ನೇ ಊರು ಮಾಡಿಕೊಂಡಿದ್ದ ಕ್ರಿಸ್ಟೋಫರ್ ಬೆನಿಂಜರ್ ಕಟ್ಟಿದ್ದು. ಗೋಪುರದ ಹಂಗಿಲ್ಲದೆ ನೆಲಕ್ಕೆ ಹರಡಿಕೊಂಡ ಕಚೇರಿ, ನಡುವೆ ನೀರು, ಬ್ರಹ್ಮಸ್ಥಾನ. ಜೊತೆಗೆ ಅಮೆರಿಕದ ಹಸಿರು ಕಟ್ಟಡದ ಪ್ಲಾಟಿನಂ ಪ್ರಮಾಣಪತ್ರ. ಇತ್ತೀಚಿನ ಕಾರ್ಪೊರೇಟ್ ಕಟ್ಟಡಗಳಲ್ಲಿ ನಾನು ಮನಸಾರೆ ಮೆಚ್ಚುವ ಒಂದು. ಸಾಲದ ಹೊರೆಯಲ್ಲಿ ನಲುಗಿ ಚೇತರಿಸಿಕೊಂಡ ಕಂಪನಿ 2024ರಲ್ಲಿ ಅದನ್ನು 440 ಕೋಟಿ ರೂಪಾಯಿಗೆ ಮಾರಿ, ಬಾಡಿಗೆಗೆ ಅಲ್ಲೇ ಉಳಿಯಿತು. ತಾಂತಿ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು.

ಹಿಂಜವಡಿಯ ಚಹಾದಂಗಡಿಯೊಂದರಲ್ಲಿ ಇಂಡಿ ತಾಲ್ಲೂಕಿನ ಒಬ್ಬ ಗೌಂಡಿ ಸಿಕ್ಕರು. ಪುಣೆಯನ್ನು ಕಟ್ಟಿದ ಕೈಗಳಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿಯ ಕೈಗಳು ಎಷ್ಟೋ. ಎದುರಿಗೆ ಹೊರಕ್ಕೆ ವಾಲಿದ ಗಾಜಿನ ಗೋಡೆಯ ಕಟ್ಟಡ. "ಕಾಕಾ, ಇದರಾಗ ನಿಮ್ಮ ಕೆಲಸ ಎಲ್ಲೈತಿ?" ಎಂದೆ.

"ತಳದಾಗ ಐತ್ರಿ ಸರ್. ಪಾಯ, ಗಿಲಾವು. ಮ್ಯಾಲೆಲ್ಲಾ ಗಾಜು. ಗಾಜಿಗೆ ಗೌಂಡಿ ಯಾಕ ಬೇಕ್ರಿ?" ಚೀಲದಿಂದ ಓಳಂಬ ತೆಗೆದು ತೋರಿಸಿದರು. ಬೆರಳಿನ ಬೆವರಿಗೆ ಕಪ್ಪಾದ ದಾರ, ತುದಿಗೆ ಹಿತ್ತಾಳೆಯ ಗುಂಡು. "ವಾಲಿದ ಗ್ವಾಡಿಗೆ ಇದನ್ನ ಎಲ್ಲಿ ಹಿಡಿಯೂದ್ರಿ?"

ಪರಂಚಿಯಿಂದ ಬಿದ್ದು ಇಪ್ಪತ್ತು ದಿನ ಸಸೂನ್‌ನಲ್ಲಿ ಮಲಗಿದ್ದನ್ನೂ ಹೇಳಿದರು. ರೈಲು ನಿಲ್ದಾಣದ ಬಳಿಯ ಆ ಆಸ್ಪತ್ರೆಗೂ ಹಣ ಕೊಟ್ಟದ್ದು ಅದೇ ಡೇವಿಡ್ ಸಸೂನ್, ನಕ್ಷೆ ಅದೇ ವಿಲ್ಕಿನ್ಸ್‌ನದು. 1867ರಲ್ಲಿ ಅದು ಮುಗಿಯುವ ಹೊತ್ತಿಗೆ ಸಸೂನ್ ಇರಲಿಲ್ಲ. 1864ರಲ್ಲೇ ತೀರಿಕೊಂಡು, ಲಾಲ್ ದೇವಳದ ಮಗ್ಗುಲಲ್ಲಿ ಗೋರಿಯಾಗಿದ್ದ. ಆಸ್ಪತ್ರೆ ಕಟ್ಟಿಸಿದ್ದರಿಂದ ಅಫೀಮಿನ ಲೆಕ್ಕ ಚುಕ್ತಾ ಆಯಿತೆಂದು ನಾನು ಒಪ್ಪಲಾರೆ. ಆದರೂ ಸಸೂನ್ ಎಂಬುದು ಒಬ್ಬ ಮನುಷ್ಯನ ಹೆಸರು ಎಂದು ಆ ಗೌಂಡಿಗೆ ಹೇಳಬೇಕೆನಿಸಿತು.

"ಹೌದೇನ್ರಿ?" ಎಂದು ಅವರು ದಾರವನ್ನು ಗುಂಡಿಗೆ ಸುತ್ತುತ್ತಾ ನನ್ನ ಮುಖ ನೋಡಿದರು. "ನಾ ಅದು ದವಾಖಾನಿಗೆ ಮರಾಠ್ಯಾಗ ಹಂಗ ಅಂತಾರಂತ ತಿಳ್ಕೊಂಡಿದ್ನಿರಿ."