ಗಿರಣಿ ಮಾರಿದರೆ ಹೋದ ಬೆರಳಿನ ಬಾಕಿ ಯಾರ ತಲೆಗೆ?

ಗಂಗಾವತಿ, ಕಾರಟಗಿ ಕಡೆ ಅಕ್ಕಿ ಗಿರಣಿ ಕೈ ಬದಲಾಗುವುದು ಹೊಸ ಸಂಗತಿಯೇನಲ್ಲ. ಬೋರ್ಡಿಗೆ ಹೊಸ ಬಣ್ಣ, ಗಲ್ಲಾದ ಹಿಂದೆ ಹೊಸ ಸಾವ್ಕಾರ, ಒಂದು ಪೂಜೆ, ಪೇಡೆ. ಹಮಾಲರು ಅವರೇ, ಮಷೀನೂ ಅದೇ. ಆದರೆ ಆ ಮಷೀನಿನ ಬೆಲ್ಟಿಗೆ ಸಿಕ್ಕಿ ನಾಲ್ಕು ಬೆರಳು ಕಳಕೊಂಡವನೊಬ್ಬ ಮನೆಯಲ್ಲಿ ಕೂತಿದ್ದರೆ? "ಗಿರಣಿ ಈಗ ನಂದಲ್ಲ, ಅವರ್ನ ಕೇಳು" ಅಂತಾನೆ ಹಳೇ ಸಾವ್ಕಾರ. "ಅದು ನಾ ಬರೋಕ್ಕಿಂತ ಮುಂಚಿನ ಮಾತು" ಅಂತಾನೆ ಹೊಸಬ. ಗಾಯಾಳು ಚೆಂಡಿನಂತೆ ಅತ್ತಿಂದಿತ್ತ.

ಹಳಬನ ಮಾತು ಪೂರಾ ಸುಳ್ಳು. ಅಪಘಾತದ ದಿನ ಯಾರು ಮಾಲೀಕನೋ ಹೊಣೆ ಅವನದೇ. ಗಿರಣಿ ಮಾರಿದ ಮಾತ್ರಕ್ಕೆ ಅದು ಇಳಿಯುವುದಿಲ್ಲ. ಹೊಸಬನದು ಅರ್ಧ ನಿಜ. 1923ರ ಪರಿಹಾರ ಕಾಯ್ದೆಗೆ 1959ರಲ್ಲಿ 14-ಎ ಕಲಂ ಸೇರಿಸಿದರು. ಪರಿಹಾರ ಕೊಡದೆ ಆಸ್ತಿ ದಾಟಿಸಿದರೆ, ಆ ಬಾಕಿ ಮಾರಿದ ಸ್ಥಿರಾಸ್ತಿಯ ಮೇಲೇ ಮೊದಲ ಬೋಜಾ ಆಗಿ ಕೂರುತ್ತದೆ ಎಂದಿತು ಅದು. ಅಂದರೆ ಜಾಗ ಕೊಂಡವನ ಬೆನ್ನಿಗೆ ಬಾಕಿಯೂ ಬಿತ್ತು.

ಸ್ಥಿರಾಸ್ತಿ ಅಂದರೆ ನೆಲ, ಕಟ್ಟಡ. ಗಿರಣಿ ನಡೆದದ್ದು ಬಾಡಿಗೆ ಶೆಡ್ಡಿನಲ್ಲಿ, ಮಾರಿದ್ದು ಬರೀ ಮೋಟಾರು, ಲಾರಿ, ಗಿರಾಕಿ ಅಂದರೆ ಬೋಜಾ ಕೂರಲು ಜಾಗವೇ ಇಲ್ಲ! ಸಣ್ಣ ಗಿರಣಿಯ ಆಳಿಗೆ ಕಾನೂನು ಕೈಕೊಟ್ಟದ್ದೇ ಇಲ್ಲಿ. (ಇಎಸ್‌ಐ ಇದ್ದವರ ದಾರಿ ಬೇರೆ, ಅವರಿಗೆ ಹಣ ಕಾರ್ಪೊರೇಷನ್ನಿನಿಂದಲೇ ಬರುತ್ತೆ.)

ಬಾಕಿ ಪುಡಿಗಾಸೂ ಅಲ್ಲ. ಒಂದು ಕೈಯ ನಾಲ್ಕು ಬೆರಳು ಹೋದರೆ ದುಡಿಯುವ ಶಕ್ತಿ ಶೇ. 50 ಹೋಯಿತು ಎಂದು ಆ ಕಾಯ್ದೆಯ ಪಟ್ಟಿ. ವಯಸ್ಸು 40, ತಿಂಗಳ ಸಂಬಳ 12,000 ಇದ್ದವನಿಗೆ 6,63,012 ರೂಪಾಯಿ. ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ, ಸರಿಯಾದ ಕಾರಣವಿಲ್ಲದಿದ್ದರೆ ಅರ್ಧದವರೆಗೂ ದಂಡ.

ಗಿರಣಿಯೋ ಅಂಗಡಿಯೋ ಕೊಳ್ಳುವವರು ಬ್ಯಾಂಕ್ ಸಾಲ ನೋಡ್ತಾರೆ, ಕರೆಂಟ್ ಬಿಲ್ ನೋಡ್ತಾರೆ, ಇ.ಸಿ. ತೆಗೆಸ್ತಾರೆ. "ಇಲ್ಲಿ ಯಾರಾದ್ರೂ ಕೈಕಾಲು ಕಳಕೊಂಡಿದ್ದಾರಾ?" ಅಂತ ಕೇಳುವವರು ಅಪರೂಪ. ಕೇಳಿ, ಅಷ್ಟು ದುಡ್ಡು ಹಿಡಿದಿಟ್ಟುಕೊಂಡೇ ಉಳಿದದ್ದನ್ನು ಕೊಟ್ಟರೆ ಕೊಂಡವನಿಗೂ ನಿದ್ದೆ. ಲೈಸೆನ್ಸಿನ ಹೆಸರು ಬದಲಿಸುವ ಅಧಿಕಾರಿಗಳೂ ಇದೇ ಪ್ರಶ್ನೆ ಹಾಕಲಿ. ಆಗ ಬಾಡಿಗೆ ಶೆಡ್ಡಿನ ನೆಪ ನಡೆಯುವುದಿಲ್ಲ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಹಳೇ ಕಾಯ್ದೆಯ ಜಾಗಕ್ಕೆ ಬಂದಿದೆ. ಅದಕ್ಕೂ ಮುಂಚೆ ಗಾಯವಾದವರ ಹಕ್ಕು ಹಾಗಂತ ಸತ್ತಿಲ್ಲ. ಆದರೆ ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಬೀಳಬೇಕು. ಹಳೇ ಸಾವ್ಕಾರ "ಮುಂದಿನ ತಿಂಗಳು ಬಾರಪ್ಪಾ" ಎನ್ನುತ್ತಲೇ ಇದ್ದರೆ, ಎಣಿಸಿ ನೋಡಿ, ಅದು ಬರೀ ಇಪ್ಪತ್ನಾಲ್ಕು ಸಲ.