ಹನಕೆರೆ ಭಾಗದಲ್ಲಿ ಬಚ್ಚಲು ನೀರಿನ ವಿಲೇವಾರಿ: ಅರ್ಜಿದಾರರ ಗಮನಕ್ಕೆ

2019ರಲ್ಲಿ ಆರಂಭಗೊಂಡ ಜಲ ಜೀವನ್ ಮಿಷನ್ ಯೋಜನೆಯು ಗ್ರಾಮೀಣ ಪ್ರದೇಶದ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಒದಗಿಸುವ ಗುರಿ ಹೊಂದಿರುತ್ತದೆ. ಐದು ಜನರ ಕುಟುಂಬಕ್ಕೆ 275 ಲೀಟರ್ ದೊರೆತಲ್ಲಿ, ಸುಮಾರು ಮೂರನೇ ಎರಡು ಭಾಗ ಬಚ್ಚಲು ಹಾಗೂ ಅಡುಗೆಮನೆಯ ತ್ಯಾಜ್ಯ ನೀರಾಗಿ ಹೊರಬರುತ್ತದೆ. ಇದನ್ನು ಮನೆಯಂಗಳದಲ್ಲಿಯೇ ಇಂಗಿಸುವ ಬಚ್ಚಲು ಗುಂಡಿಯು ಕಡಿಮೆ ವೆಚ್ಚದ ಮಾರ್ಗವೇ ಸರಿ. ಆದರೆ ವಿಶ್ವೇಶ್ವರಯ್ಯ ನಾಲೆಯ ನೀರಾವರಿಯಿರುವ ಮಂಡ್ಯ, ಮದ್ದೂರು ಭಾಗದ ತಗ್ಗು ಪ್ರದೇಶಗಳಲ್ಲಿ, ಗದ್ದೆಗೆ ನೀರು ಹರಿಯುವ ತಿಂಗಳುಗಳಲ್ಲಿ ಅಂತರ್ಜಲ ಮೇಲೇರುತ್ತದೆ. ಅದು ಗುಂಡಿಯ ತಳ ಮುಟ್ಟಿದಲ್ಲಿ ತ್ಯಾಜ್ಯ ನೀರು ಇಂಗುವುದಿಲ್ಲ. ಸೋಸದೆಯೇ ಸಮೀಪದ ಬಾವಿ ಸೇರುವ ಸಂಭವವೂ ಉಂಟು. ಇಂತಹ ಸ್ಥಳಕ್ಕೆ ಚರಂಡಿಯ ಕೊನೆಯಲ್ಲಿ ಸಾಮೂಹಿಕ ಶುದ್ಧೀಕರಣ ಹೊಂಡವೇ ಸೂಕ್ತ. ಆದುದರಿಂದ ಅರ್ಜಿದಾರರು ಬೇಸಿಗೆಯ ಒಣನೆಲವನ್ನು ನಂಬದೆ, ನಾಲೆ ಹರಿಯುವ ಕಾಲದ ಜಲಮಟ್ಟವನ್ನು ಗ್ರಾಮ ಪಂಚಾಯಿತಿಯ ಗಮನಕ್ಕೆ ತರುವುದು. ಶೌಚಾಲಯದ ನೀರನ್ನು ಬಚ್ಚಲು ಗುಂಡಿಗೆ ಬಿಡತಕ್ಕದ್ದಲ್ಲ.